ಹೆಣಿಗೆ ಉಲ್ಲನ್‌ಗೆ ಮನೆಯಲ್ಲೇ ಬಣ್ಣ: ಈರುಳ್ಳಿ ಸಿಪ್ಪೆಯಿಂದ ಶುರು ಮಾಡಿ

ನಾನು ಹೆಣೆದ ಬಂಗಾರದ ಬಣ್ಣದ ಟೋಪಿ ನೋಡಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಈ ಕಲರ್ ದಾವಣಗೆರೆಯಲ್ಲಿ ಎಲ್ಲಿ ಸಿಗುತ್ತೆ?" ಅಂಗಡಿಯದ್ದಲ್ಲ, ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿದ್ದು ಅಂದರೆ ಮೊದಲು ನಗುತ್ತಾರೆ. ಆಮೇಲೆ ಮನೆಗೆ ಹೋಗಿ ಮಾಡಿ ನೋಡುತ್ತಾರೆ. ವಾರ ಬಿಟ್ಟು ಬರುವ ದೂರುಗಳೂ ಹೆಚ್ಚುಕಡಿಮೆ ಒಂದೇ ಥರ. "ಬಣ್ಣ ಹಿಡೀಲೇ ಇಲ್ಲ." "ನೂಲು ಜಟೆ ಕಟ್ಟಿತು." "ಒಂದು ಕಡೆ ಗಾಢ, ಒಂದು ಕಡೆ ತಿಳಿ." ಇಲ್ಲಿ ಎಲ್ಲವನ್ನೂ ಕ್ರಮವಾಗಿ ಬರೆದಿದ್ದೇನೆ. ಒಂದು ಸಲ ಪೂರ್ತಿ ಓದಿಕೊಳ್ಳಿ, ಆಮೇಲೆ ಒಲೆ ಹಚ್ಚಿ.

ಈ ಕೆಲಸಕ್ಕೆ ಎರಡು ದಿನ ಬೇಕು. ಕೈ ಆಡಿಸುವ ಹೊತ್ತು ಕಡಿಮೆ, ಸುಮ್ನೆ ಬಿಡುವ ಹೊತ್ತೇ ಜಾಸ್ತಿ. ಆ ಸುಮ್ನೆ ಬಿಡುವ ಹೊತ್ತಿನಲ್ಲಿ ಅವಸರ ಮಾಡಿದವರ ನೂಲೇ ಹೆಚ್ಚಾಗಿ ಹಾಳಾಗೋದು.

ಬೇಕಾಗುವ ಸಾಮಾನು

ಅಳತೆಯನ್ನೆಲ್ಲ 100 ಗ್ರಾಂ ನೂಲಿಗೆ ಹೇಳುತ್ತೇನೆ. ನಿಮ್ಮ ಹತ್ತಿರ 200 ಗ್ರಾಂ ಇದ್ದರೆ ಎಲ್ಲವನ್ನೂ ದುಪ್ಪಟ್ಟು ಮಾಡಿಕೊಳ್ಳಿ.

ಬಿಳಿ ಅಥವಾ ಕೆನೆ ಬಣ್ಣದ ನಿಜವಾದ ಕುರಿ ಉಣ್ಣೆಯ ನೂಲು 100 ಗ್ರಾಂ. ಒಣ ಈರುಳ್ಳಿ ಸಿಪ್ಪೆಯೂ ಅಷ್ಟೇ, 100 ಗ್ರಾಂ. ಪಟಿಕ 12 ಗ್ರಾಂ. ಕ್ಷೌರದಂಗಡಿಯಲ್ಲಿ ಗಡ್ಡ ಕೆರೆದ ಮೇಲೆ ಉಜ್ಜುವ ಬಿಳಿ ಗಡ್ಡೆಯೇ ಈ ಪಟಿಕ, ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಐದಾರು ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆ, ಒಂದು ಉದ್ದನೆಯ ಕೋಲು, ಅಡುಗೆಮನೆಯ ತಕ್ಕಡಿ, ಹಳೇ ಪಂಚೆಯ ತುಂಡು, ಹತ್ತಿ ದಾರ, ರಬ್ಬರ್ ಗ್ಲೌಸ್. ತಕ್ಕಡಿ ಇಲ್ಲದಿದ್ದರೆ ಕಿರಾಣಿ ಅಂಗಡಿಯಲ್ಲಿ ತೂಗಿಸಿಕೊಂಡು ಬನ್ನಿ. ಈ ಕೆಲಸದಲ್ಲಿ ಅಂದಾಜು ನಡೆಯುವುದಿಲ್ಲ.

ಪಾತ್ರೆ ಬಗ್ಗೆ ಎರಡು ಮಾತು. ಸ್ಟೀಲ್ ಪಾತ್ರೆ ಬಣ್ಣವನ್ನು ಕೆಡಿಸುವುದಿಲ್ಲ. ಕಬ್ಬಿಣದ ಬಾಣಲೆ ಬಣ್ಣವನ್ನು ಮಂಕು ಮಾಡುತ್ತದೆ, ಅಲ್ಯೂಮಿನಿಯಂ ಕೂಡ ಸ್ವಲ್ಪ ಆಟ ಆಡುತ್ತದೆ. ಬಣ್ಣಕ್ಕೆ ಇಟ್ಟ ಪಾತ್ರೆಯನ್ನು ಮತ್ತೆ ಅಡುಗೆಗೆ ತರಬೇಡಿ. "ಬರೀ ಈರುಳ್ಳಿ ಸಿಪ್ಪೆ ತಾನೇ" ಅನ್ನಬಹುದು. ಆದರೆ ನಾಳೆ ಅದೇ ಪಾತ್ರೆಗೆ ಅನ್ನಭೇದಿ, ಅಂದರೆ ಬಣ್ಣ ಮಂಕು ಮಾಡುವ ಕಬ್ಬಿಣದ ಉಪ್ಪು, ಹಾಕುವವರು ನೀವೇ. ಅದು ಹೊಟ್ಟೆಗೆ ಹೋಗಬಾರದು. ಗುಜರಿಯಲ್ಲಿ ಒಂದು ಹಳೇ ಪಾತ್ರೆ ಕೊಂಡು ಬಿಡಿ.

ನೀರಿನ ವಿಷಯ

ಇದನ್ನು ಯಾರೂ ಕೇಳುವುದಿಲ್ಲ, ಆದರೆ ನಮ್ಮ ಕಡೆ ಅರ್ಧ ತೊಂದರೆ ಇಲ್ಲಿಂದಲೇ. ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಕಡೆಯ ಬೋರ್‌ವೆಲ್ ನೀರು ಬಹಳ ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದಲ್ಲ, ಅದೇ ಗುರುತು. ಅಂಥ ನೀರಲ್ಲಿ ಸೋಪು ನೊರೆ ಬರುವುದಿಲ್ಲ, ನೂಲಿನ ಜಿಡ್ಡು ಸರಿಯಾಗಿ ಬಿಡುವುದಿಲ್ಲ, ಬಣ್ಣ ತೇಪೆ ತೇಪೆಯಾಗುತ್ತದೆ. ನೀರಲ್ಲಿ ಕಬ್ಬಿಣದ ಅಂಶ ಇದ್ದರಂತೂ ಹಳದಿ ಹೋಗಿ ಪಾಚಿ ಬಣ್ಣ ಬರುತ್ತದೆ.

ನಲ್ಲಿಯಲ್ಲಿ ಬರುವ ಹೊಳೆ ನೀರು ಅಥವಾ ಕೆರೆ ನೀರು ವಾಸಿ. ಮಳೆ ನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಕೆಲವರು ಫಿಲ್ಟರ್‌ನಿಂದ ಹೊರಗೆ ಬರುವ ವೇಸ್ಟ್ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು "ಇದು ಫಿಲ್ಟರ್ ನೀರೇ" ಅಂತ ಬಳಸುತ್ತಾರೆ. ತಪ್ಪು. ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಆ ಬಕೆಟ್ಟಿನಲ್ಲೇ ಇರುತ್ತದೆ, ಅದು ಬೋರ್ ನೀರಿಗಿಂತ ಗಡಸು. ಬೇರೆ ದಾರಿಯೇ ಇಲ್ಲದಿದ್ದರೆ ಬೋರ್ ನೀರಿಗೆ ಒಂದೆರಡು ಚಮಚ ವಿನೆಗರ್ ಹಾಕಿಕೊಳ್ಳಿ, ಸ್ವಲ್ಪ ಮಟ್ಟಿಗೆ ಸುಧಾರಿಸುತ್ತದೆ.

1. ನೂಲು ಯಾವುದು ಅಂತ ಸುಟ್ಟು ನೋಡಿ

"ಬಣ್ಣ ಹಿಡೀಲೇ ಇಲ್ಲ" ಅಂದವರಲ್ಲಿ ಮುಕ್ಕಾಲು ಪಾಲು ಜನ ಅಕ್ರಿಲಿಕ್ ನೂಲು ತಂದಿರುತ್ತಾರೆ. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಅಂತ ಕೊಡುವುದು ಬಹುಪಾಲು ಅದೇ. ಅದು ಒಂದು ಬಗೆಯ ಪ್ಲಾಸ್ಟಿಕ್ ನೂಲು. ಸಿಪ್ಪೆ, ಹೂವು, ಬೇರು ಏನು ಹಾಕಿ ಬೇಯಿಸಿದರೂ ಅದು ನೀರಿನಿಂದ ಮೇಲೆ ಬಂದಾಗ ಹೇಗಿತ್ತೋ ಹಾಗೇ ಇರುತ್ತದೆ.

ಒಂದು ಬೆರಳುದ್ದದ ತುಂಡು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿಕಡ್ಡಿ ತೋರಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾದರೆ ಅದು ಉಣ್ಣೆ ಅಥವಾ ರೇಷ್ಮೆ. ಕರಗಿ, ಆರಿದ ಮೇಲೆ ಕಪ್ಪು ಮಣಿಯ ಹಾಗೆ ಗಟ್ಟಿಯಾದರೆ ಅಕ್ರಿಲಿಕ್. ಕಾಗದ ಸುಟ್ಟ ವಾಸನೆ, ಹಗುರ ಬೂದಿ ಬಂದರೆ ಹತ್ತಿ. ಕರಗುವ ನೂಲು ಕೈಗೆ ತಾಗಿದರೆ ಚೆನ್ನಾಗಿ ಸುಡುತ್ತದೆ, ಬೆರಳಲ್ಲಿ ಹಿಡಿದು ನೋಡಬೇಡಿ.

ಹತ್ತಿ ಗಿರಣಿಗಳಿಂದ ಹೆಸರಾದ ಊರು ನಮ್ಮದು, ಹಾಗಾಗಿ ಹತ್ತಿ ನೂಲಿಗೂ ಇದೇ ಕ್ರಮ ನಡೆಯುತ್ತದಾ ಅಂತ ಕೇಳುವವರಿದ್ದಾರೆ. ನಡೆಯುವುದಿಲ್ಲ. ಹತ್ತಿಯನ್ನು ಮೊದಲು ಅಳಲೆಕಾಯಿಯಂಥ ಚೊಗರು ವಸ್ತುವಿನಲ್ಲಿ ನೆನೆಸಿ ಆಮೇಲೆ ಪಟಿಕಕ್ಕೆ ಹಾಕಬೇಕು. ಅದರ ದಾರಿ ಬೇರೆ, ಇಲ್ಲಿ ಬೇಡ.

ಚಳ್ಳಕೆರೆ ಕಡೆ ಕಂಬಳಿಗೆ ಬಳಸುವ ಕೈನೂಲು ಸಿಕ್ಕರೆ ಖಂಡಿತ ತಂದುಕೊಳ್ಳಿ. ಆದರೆ ಮೂರು ವಿಷಯ ನೆನಪಿರಲಿ. ನಮ್ಮ ಕಡೆಯ ಕುರಿಯ ಉಣ್ಣೆ ಒರಟು. ಕೊರಳಿಗೆ ತಾಗುವ ಮಫ್ಲರ್‌ಗೆ ಬೇಡ, ಚೀಲಕ್ಕೆ, ಕೂರುವ ಆಸನಕ್ಕೆ ಚೆನ್ನ. ಎರಡನೆಯದು, ಅದರಲ್ಲಿ ಕಪ್ಪೇ ಹೆಚ್ಚು. ಕಪ್ಪಿನ ಮೇಲೆ ಯಾವ ಬಣ್ಣವೂ ಕಾಣುವುದಿಲ್ಲ, ಬೂದು ಬಣ್ಣದ್ದನ್ನು ಆರಿಸಿಕೊಳ್ಳಿ. ಈರುಳ್ಳಿ ಸಿಪ್ಪೆಯಲ್ಲಿ ಅದು ಜೋನಿಬೆಲ್ಲದ ಬಣ್ಣಕ್ಕೆ ತಿರುಗುತ್ತದೆ, ನನಗೆ ಬಿಳಿ ನೂಲಿಗಿಂತ ಅದೇ ಇಷ್ಟ. ಮೂರನೆಯದು, ಕಂಬಳಿ ನೇಯುವವರು ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲಿಗೆ, ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಗಂಜಿ ಹಚ್ಚಿದ್ದು ನಿಮಗೆ ಸಿಕ್ಕಿದ್ದರೆ ರಾತ್ರಿಯಿಡೀ ನೆನೆಸಿ, ಎರಡು ಮೂರು ನೀರಲ್ಲಿ ತೆಗೆದು ಗಂಜಿ ಬಿಡಿಸಿ. ಇಲ್ಲದಿದ್ದರೆ ಬಣ್ಣ ನೂಲಿಗೆ ಹತ್ತುವ ಬದಲು ಗಂಜಿಗೆ ಹತ್ತುತ್ತದೆ.

2. ಉಂಡೆ ಬಿಚ್ಚಿ ಲಡಿ ಮಾಡಿ

ಉಂಡೆಯನ್ನು ಹಾಗೇ ಪಾತ್ರೆಗೆ ಹಾಕಿದರೆ ಹೊರಗಿನ ಸುತ್ತಿಗೆ ಮಾತ್ರ ಬಣ್ಣ, ಒಳಗೆ ಬಿಳಿ. ಎರಡು ಕುರ್ಚಿ ಬೆನ್ನಿಗೆ ಬೆನ್ನು ಮಾಡಿ ಇಟ್ಟು ನೂಲನ್ನು ಸುತ್ತಿ. ಮನೆಯಲ್ಲಿ ಮಕ್ಕಳಿದ್ದರೆ ಅವರ ಎರಡು ಕೈಯೇ ಸಾಕು, ಹತ್ತು ನಿಮಿಷ ಕೂರಿಸಲು ಸಾಧ್ಯವಾದರೆ.

ಸುತ್ತಿದ ಲಡಿಯನ್ನು ನಾಲ್ಕು ಕಡೆ ಹತ್ತಿ ದಾರದಿಂದ ಕಟ್ಟಿ. ಕಟ್ಟುವಾಗ ದಾರವನ್ನು ಲಡಿಯ ನಡುವೆ ತೂರಿಸಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ತನ್ನಿ, ಆಗ ಎಳೆಗಳು ಒಂದರೊಳಗೊಂದು ಸಿಕ್ಕಿಹಾಕಿಕೊಳ್ಳುವುದಿಲ್ಲ. ಬಿಗಿಯಾಗಿ ಕಟ್ಟಬೇಡಿ. ನನ್ನ ಮೊದಲ ಲಡಿ ಒಣಗಿದ ಮೇಲೆ ಕಟ್ಟು ಬಿಚ್ಚಿ ನೋಡಿದರೆ, ಪ್ರತಿ ಕಟ್ಟಿನ ಕೆಳಗೂ ಅಂಗುಲದಷ್ಟು ಬಿಳಿ ಬಳೆ. ಹೆಣೆದಾಗ ಟೋಪಿ ತುಂಬ ಬಿಳಿ ಚುಕ್ಕೆ. ಕಟ್ಟಿನೊಳಗೆ ಕಿರುಬೆರಳು ಸಲೀಸಾಗಿ ತೂರಬೇಕು, ಅಷ್ಟು ಸಡಿಲ ಇರಲಿ.

3. ತೊಳೆದು ನೆನೆಸಿ

ನೂಲಿನಲ್ಲಿ ಗಿರಣಿಯ ಎಣ್ಣೆ, ಕುರಿಯ ಮೈಯ ಜಿಡ್ಡು ಇರುತ್ತದೆ. ಉಗುರು ಬೆಚ್ಚಗಿನ ನೀರಿಗೆ ಒಂದು ಚಮಚ ಶಾಂಪೂ ಅಥವಾ ಅಂಟುವಾಳದ ನೀರು ಹಾಕಿ, ಲಡಿಯನ್ನು ಮುಳುಗಿಸಿ ಅರ್ಧ ಗಂಟೆ ಬಿಡಿ. ಉಜ್ಜಬೇಡಿ. ಬಟ್ಟೆ ಒಗೆಯುವ ಪುಡಿ ಬೇಡ, ಅದರ ಕ್ಷಾರ ಉಣ್ಣೆಗೆ ಆಗುವುದಿಲ್ಲ.

ಜಟೆ ಕಟ್ಟುವುದು ಯಾಕೆ ಅಂತ ಇಲ್ಲೇ ಹೇಳಿಬಿಡುತ್ತೇನೆ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಂತೆ ಸಣ್ಣ ಸಣ್ಣ ಪೊರೆಗಳಿರುತ್ತವೆ. ಬಿಸಿ ನೀರಲ್ಲಿ ಅವು ಬಿಚ್ಚಿಕೊಳ್ಳುತ್ತವೆ. ಆಗ ನೀವು ಕಲಕಿದರೆ, ಉಜ್ಜಿದರೆ ಒಂದರ ಪೊರೆ ಇನ್ನೊಂದಕ್ಕೆ ಸಿಕ್ಕಿ ಬೀಗ ಹಾಕಿಕೊಳ್ಳುತ್ತದೆ. ಬಿಸಿಯಿಂದ ತೆಗೆದು ತಣ್ಣೀರಿಗೆ ಅದ್ದಿದರೂ ಇದೇ ಗತಿ. ಒಮ್ಮೆ ಜಟೆ ಕಟ್ಟಿದ್ದನ್ನು ಬಿಡಿಸಲು ಬರುವುದಿಲ್ಲ. ಹಾಗಾಗಿ ಮುಂದಿನ ಎಲ್ಲ ಹಂತಗಳಿಗೂ ಒಂದೇ ನಿಯಮ: ನೂಲು ಯಾವ ಬಿಸಿಯಲ್ಲಿದೆಯೋ ಅದೇ ಬಿಸಿಯ ನೀರಿಗೇ ಹೋಗಬೇಕು.

ಸೋಪು ಹೋಗುವ ತನಕ ಜಾಲಿಸಿ, ಒದ್ದೆಯಾಗಿಯೇ ಇಡಿ. ಒಣ ನೂಲನ್ನು ಬಣ್ಣಕ್ಕೆ ಹಾಕಿದರೆ ತೇಪೆ ಬೀಳುತ್ತದೆ.

4. ಪಟಿಕದ ನೀರು

ಬಣ್ಣವೂ ನೂಲೂ ತಾವಾಗಿ ಜೋಡಿಯಾಗುವುದು ಅಪರೂಪ, ಮಧ್ಯಸ್ಥಿಕೆಗೆ ಒಬ್ಬರು ಬೇಕು. ಬಣ್ಣ ನೂಲಿಗೆ ಕಚ್ಚುವಂತೆ ಮಾಡುವ ಈ ವಸ್ತುವಿಗೆ ಮಾರ್ಡೆಂಟ್ ಅನ್ನುತ್ತಾರೆ. ಮನೆಯಲ್ಲಿ ಬಳಸಲು ಪಟಿಕವೇ ಸಾಕು. ಹಳೇ ಪುಸ್ತಕಗಳಲ್ಲಿ ತವರ, ಕ್ರೋಮ್, ಮೈಲುತುತ್ತದ ಹೆಸರು ಬರುತ್ತದೆ. ಅವು ವಿಷ, ಮನೆಗೆ ತರಬೇಡಿ.

12 ಗ್ರಾಂ ಪಟಿಕವನ್ನು ಪುಡಿ ಮಾಡಿ ಒಂದು ಲೋಟ ಬಿಸಿ ನೀರಲ್ಲಿ ಪೂರ್ತಿ ಕರಗಿಸಿ. ನಾಲ್ಕು ಲೀಟರ್ ಉಗುರು ಬೆಚ್ಚಗಿನ ನೀರಿಗೆ ಅದನ್ನು ಸುರಿದು ಕಲಕಿ, ಆಮೇಲೆ ಒದ್ದೆ ಲಡಿ ಇಳಿಸಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ತೆಗೆದುಕೊಂಡು ಬಿಸಿ ಏರಿಸಿ. 80 ಡಿಗ್ರಿ ಬಂದರೆ ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಪಾತ್ರೆಯ ಅಂಚು ನೋಡಿ. ಸಾಸಿವೆ ಕಾಳಿನಷ್ಟು ಗುಳ್ಳೆ ಅಂಚಿಗೆ ಅಂಟಿಕೊಂಡಿರಬೇಕು, ಮೇಲೆ ಆವಿ ಆಡಬೇಕು, ನೀರು ಮಾತ್ರ ಅಲುಗಬಾರದು. ಗುಳುಗುಳು ಸದ್ದು ಕೇಳಿದರೆ ಜಾಸ್ತಿ ಆಯಿತು ಅಂತ ಲೆಕ್ಕ. ಆ ಬಿಸಿಯಲ್ಲಿ ಒಂದು ಗಂಟೆ ಇರಲಿ, ನಡುವೆ ಎರಡು ಸಲ ಕೋಲಿನಿಂದ ಲಡಿಯನ್ನು ಮೆಲ್ಲಗೆ ಮಗುಚಿ. ಉರಿ ಆರಿಸಿ, ಮುಚ್ಚಿ, ರಾತ್ರಿ ಹಾಗೇ ಬಿಡಿ.

ಪಟಿಕ ಜಾಸ್ತಿ ಹಾಕಿದರೆ ಬಣ್ಣ ಜಾಸ್ತಿ ಬರುತ್ತದೆ ಅಂತ ಅಂದುಕೊಳ್ಳಬೇಡಿ. ನೂಲು ಅಂಟಂಟಾಗುತ್ತದೆ, ಹೆಣೆಯುವಾಗ ಕಡ್ಡಿಯ ಮೇಲೆ ಜಾರುವುದೇ ಇಲ್ಲ. ನೂಲಿನ ತೂಕದ ನೂರಕ್ಕೆ 10ರಿಂದ 15 ಪಾಲು, ಅದರ ಮೇಲೆ ಬೇಡ.

5. ಸಿಪ್ಪೆಯ ಕಷಾಯ

ಮರುದಿನ ಬೆಳಿಗ್ಗೆ ಸಿಪ್ಪೆ ಕೆಲಸ. ಈರುಳ್ಳಿ ಬೆಳೆಯುವ ನಾಡಲ್ಲಿದ್ದೇವೆ, ಸಿಪ್ಪೆಗೆ ಬರವಿಲ್ಲ. ಆದರೆ ಒಂದು ಮನೆಯ ಅಡುಗೆಯಿಂದ 100 ಗ್ರಾಂ ಸೇರಲು ವಾರಗಟ್ಟಲೆ ಬೇಕು. ಅದು ಗಾಳಿಗೆ ಹಾರುವ ಸಾಮಾನು, 100 ಗ್ರಾಂ ಅಂದರೆ ದೊಡ್ಡ ಕೈಚೀಲದ ತುಂಬ. ಈರುಳ್ಳಿ ಮಂಡಿಯಲ್ಲಿ ಗಡ್ಡೆ ಆರಿಸುವ ಜಾಗಕ್ಕೆ ಒಂದು ಚೀಲ ಹಿಡಿದು ಹೋಗಿ ಕೇಳಿದರೆ ತುಂಬಿಕೊಡುತ್ತಾರೆ. "ಯಾವ ಔಷಧಿಗೆ ಅಕ್ಕಾ?" ಅಂತ ಒಂದು ಪ್ರಶ್ನೆ ಗ್ಯಾರಂಟಿ.

ಒಣ ಹೊರಸಿಪ್ಪೆ ಮಾತ್ರ ಬೇಕು. ಕಪ್ಪು ಬೂಷ್ಟಿನ ಪುಡಿ ಹಿಡಿದ ಸಿಪ್ಪೆ ಬಿಸಾಡಿ. ಮಣ್ಣು ಹೋಗುವ ಹಾಗೆ ಒಮ್ಮೆ ತಣ್ಣೀರಲ್ಲಿ ಆಡಿಸಿ, ಪಂಚೆ ತುಂಡಿನಲ್ಲಿ ಸಡಿಲವಾಗಿ ಗಂಟು ಕಟ್ಟಿ, ನಾಲ್ಕು ಲೀಟರ್ ನೀರಲ್ಲಿ ಒಂದು ಗಂಟೆ ಕುದಿಸಿ. ಈಗ ನೂಲು ಒಳಗಿಲ್ಲ, ಎಷ್ಟು ಬೇಕಾದರೂ ಕುದಿಯಲಿ. ಅರ್ಧ ಗಂಟೆಗೆ ನೀರು ಕಡು ಚಹಾದಂತಾಗುತ್ತದೆ. ಗಂಟನ್ನು ಎತ್ತಿ ಹಿಂಡಿ ತೆಗೆದು, ಕಷಾಯವನ್ನು ಸೋಸಿ. ಸಿಪ್ಪೆ ಚೂರು ಉಳಿದರೆ ನೂಲಿಗೆ ಅಂಟಿಕೊಂಡು ಅಲ್ಲಲ್ಲೇ ಮಚ್ಚೆ ಬೀಳುತ್ತದೆ. ಆಮೇಲೆ ಕಷಾಯವನ್ನು ಉಗುರು ಬೆಚ್ಚಗಾಗುವಷ್ಟು ಆರಿಸಿ.

6. ಬಣ್ಣಕ್ಕೆ ಇಳಿಸುವುದು

ಪಟಿಕದ ನೀರಿನಿಂದ ಲಡಿ ತೆಗೆದು, ಒಮ್ಮೆ ಅದೇ ಹದದ ನೀರಲ್ಲಿ ಜಾಲಿಸಿ, ಕಷಾಯಕ್ಕೆ ಇಳಿಸಿ. ಒಂದೇ ಸಲ ಪೂರ್ತಿ ಮುಳುಗಬೇಕು. ಅರ್ಧ ಮುಳುಗಿಸಿ "ತಾಳು, ಫೋನ್ ಬಂತು" ಅಂದರೆ ಮುಳುಗಿದ ಅರ್ಧ ಒಂದು ಬಣ್ಣ, ಉಳಿದರ್ಧ ಇನ್ನೊಂದು. ಲಡಿ ಪಾತ್ರೆಯಲ್ಲಿ ಈಜಾಡುವಷ್ಟು ಜಾಗ ಇರಲಿ.

ಮತ್ತೆ ನಿಧಾನ ಬಿಸಿ, ಮತ್ತೆ 80 ಡಿಗ್ರಿ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮೊದಲ ಹತ್ತು ನಿಮಿಷದಲ್ಲಿ ನೂಲು ತಿಳಿ ಹಳದಿ ಆಗುತ್ತದೆ, ಅರ್ಧ ಗಂಟೆಗೆ ಬಂಗಾರ, ಆಮೇಲೆ ಕಿತ್ತಳೆಯ ಕಡೆ ವಾಲುತ್ತದೆ. ಕೋಲಿನಲ್ಲಿ ಎತ್ತಿ ನೋಡುವಾಗ ಒಂದು ಮಾತು: ಒದ್ದೆ ನೂಲು ಯಾವಾಗಲೂ ಗಾಢ ಕಾಣುತ್ತದೆ. ಒಣಗಿದರೆ ಒಂದು ಮೆಟ್ಟಿಲು ಇಳಿಯುತ್ತದೆ. ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪ ಗಾಢ ಕಂಡಾಗ ಉರಿ ಆರಿಸಿ.

ಆರಿಸಿದ ತಕ್ಷಣ ನೂಲನ್ನು ಹೊರಗೆ ಎಳೆಯಬೇಡಿ. ಕಷಾಯದಲ್ಲೇ ಆರಲಿ. ನಾನು ಬೆಳಿಗ್ಗೆ ಮಾಡಿದ್ದನ್ನು ಸಂಜೆ ದೀಪ ಹಚ್ಚುವ ಹೊತ್ತಿಗೆ ತೆಗೆಯುತ್ತೇನೆ. ಬಣ್ಣ ಸಮನಾಗಿ ಕೂರುವುದು ಈ ಆರುವ ಹೊತ್ತಿನಲ್ಲೇ.

7. ಜಾಲಿಸಿ ಒಣಗಿಸುವುದು

ನೀರು ತಿಳಿಯಾಗುವ ತನಕ ಜಾಲಿಸಿ. ಮೊದಲ ಎರಡು ನೀರಿಗೆ ಬಣ್ಣ ಬಿಟ್ಟರೆ ಗಾಬರಿ ಬೇಡ, ಅದು ಮೇಲೆ ಕೂತಿದ್ದ ಹೆಚ್ಚುವರಿ ಬಣ್ಣ. ಐದನೇ ನೀರಿಗೂ ಬಿಡುತ್ತಿದ್ದರೆ ಪಟಿಕದ ಹಂತದಲ್ಲಿ ಏನೋ ತಪ್ಪಿದೆ ಅಂತ ಅರ್ಥ. ಒದ್ದೆ ಸೀರೆ ತಿರುಚಿದ ಹಾಗೆ ಹಿಂಡಬೇಡಿ. ಟವೆಲ್‌ನಲ್ಲಿ ಸುತ್ತಿ ಅದರ ಮೇಲೆ ಕೈ ಊರಿ ಒತ್ತಿ, ನೀರು ಟವೆಲ್‌ಗೆ ಹೋಗುತ್ತದೆ.

ನೆರಳಲ್ಲಿ ಒಣಗಿಸಿ. ನಮ್ಮೂರ ಏಪ್ರಿಲ್ ಬಿಸಿಲಿಗೆ ಹಪ್ಪಳ ಸಂಡಿಗೆ ಹಾಕಬೇಕೇ ಹೊರತು ನೂಲನ್ನಲ್ಲ. ಪೂರ್ತಿ ಒಣಗಿದ ಮೇಲೆ ಕಟ್ಟು ಬಿಚ್ಚಿ ಉಂಡೆ ಸುತ್ತಿ.

ಬೇರೆ ಬಣ್ಣ ಬೇಕಾದರೆ

ಕ್ರಮ ಇದೇ, ಕಷಾಯದ ಸಾಮಾನು ಮಾತ್ರ ಬೇರೆ.

ದಾಳಿಂಬೆ ಸಿಪ್ಪೆ: ಹಿರಿಯೂರು, ಹೊಸದುರ್ಗ ಕಡೆಯವರಿಗೆ ಇದು ಹಿತ್ತಲ ಗಿಡ. ಒಣಗಿಸಿ ಜಜ್ಜಿದ ಸಿಪ್ಪೆ 50ರಿಂದ 100 ಗ್ರಾಂ, ರಾತ್ರಿ ನೆನೆಸಿ ಕುದಿಸಿ. ಸ್ವಲ್ಪ ಹಸಿರು ಬೆರೆತ ಹಳದಿ ಬರುತ್ತದೆ, ಬಹಳ ಗಟ್ಟಿ ಬಣ್ಣ.

ಚೆಂಡು ಹೂ: ಆಯುಧಪೂಜೆ, ದೀಪಾವಳಿ ಮುಗಿದ ಮರುದಿನ ಬಾಗಿಲ ಮಾಲೆ ಬಿಸಾಡಬೇಡಿ. ದಳ ಬಿಡಿಸಿ ನೆರಳಲ್ಲಿ ಒಣಗಿಸಿ ಇಡಿ. ಒಣಗಿದ್ದು 100 ಗ್ರಾಂ, ಹಸಿಯದಾದರೆ ಅದರ ಎರಡು ಮೂರು ಪಟ್ಟು.

ಮಂಜಿಷ್ಠ: ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಬೇರು. ಇಟ್ಟಿಗೆ ಕೆಂಪು ಬೇಕಾದರೆ ಇದು. ಜಜ್ಜಿ ರಾತ್ರಿಯಿಡೀ ನೆನೆಸಿ. ಇದನ್ನು ಮಾತ್ರ 60–70 ಡಿಗ್ರಿಗಿಂತ ಮೇಲೆ ಬಿಡಬೇಡಿ, ಕುದಿಸಿದರೆ ಕೆಂಪು ಹೋಗಿ ಕಂದು ಬರುತ್ತದೆ.

ಅಡಿಕೆ ಚೊಗರು: ಚನ್ನಗಿರಿ ಕಡೆ ನೆಂಟರಿದ್ದರೆ ನೀವು ಪುಣ್ಯವಂತರು. ಹಸಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಗಟ್ಟಿ ಕೆಂಗಂದು ರಸ ಇದು. ಅಡಿಕೆ ಸುಲಿಯುವವರ ಬೆರಳು ನೋಡಿದ್ದೀರಲ್ಲ, ಸುಗ್ಗಿ ಮುಗಿದರೂ ಕಪ್ಪು ಹೋಗಿರುವುದಿಲ್ಲ. ಅದೇ ಗುಣ ನಮಗೆ ಬೇಕಾದ್ದು. ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಇದನ್ನು ಬಳಸುತ್ತಾರೆ. ಉಣ್ಣೆಗೂ ಚೆನ್ನಾಗಿ ಹತ್ತುತ್ತದೆ. ಒಬ್ಬೊಬ್ಬರ ಚೊಗರು ಒಂದೊಂದು ಗಟ್ಟಿ, ಹಾಗಾಗಿ ಅಳತೆ ಹೇಳಲು ಬರುವುದಿಲ್ಲ. ನಾಲ್ಕು ಲೀಟರ್ ನೀರಿಗೆ ಅರ್ಧ ಲೋಟದಿಂದ ಶುರು ಮಾಡಿ, ಒಂದು ಗೇಣು ನೂಲು ಅದ್ದಿ ನೋಡಿ, ಆಮೇಲೆ ಲಡಿ ಇಳಿಸಿ. ಜಾಸ್ತಿಯಾದರೆ ನೂಲು ಬಿರುಸಾಗುತ್ತದೆ. ಹಳೇ ಸೀರೆ ಉಟ್ಟುಕೊಂಡು, ಗ್ಲೌಸ್ ಹಾಕಿಕೊಂಡು, ಹಿತ್ತಲಲ್ಲಿ ಮಾಡಿ. ಟೈಲ್ಸ್ ಮೇಲೆ ಚೆಲ್ಲಿದ್ದನ್ನು ತಕ್ಷಣ ಒರೆಸದಿದ್ದರೆ ಮನೆಯವರಿಗೆ ಉತ್ತರ ನೀವೇ ಹೇಳಿಕೊಳ್ಳಬೇಕು.

ಇವುಗಳನ್ನೇ ಮಂಕು ಮಾಡಿ ಬೇರೆ ಬಣ್ಣ ತೆಗೆಯಲು ಅನ್ನಭೇದಿ ಬಳಸಬಹುದು. ಅದು ಕಬ್ಬಿಣದ ಉಪ್ಪು, ಹಸಿರು ಹರಳಿನಂತಿರುತ್ತದೆ. 100 ಗ್ರಾಂ ನೂಲಿಗೆ 1ರಿಂದ 2 ಗ್ರಾಂ ಮಾತ್ರ, ಬಣ್ಣ ಬಂದ ಮೇಲೆ ಕೊನೆಯ ಹತ್ತು ನಿಮಿಷ. ನೂಲನ್ನು ಎತ್ತಿಟ್ಟು, ಅನ್ನಭೇದಿ ಕರಗಿಸಿ, ಮತ್ತೆ ಇಳಿಸಿ. ಈರುಳ್ಳಿಯ ಬಂಗಾರ ಆಲಿವ್ ಹಸಿರಾಗುತ್ತದೆ, ಚೊಗರು ಕಪ್ಪಿಗೆ ತಿರುಗುತ್ತದೆ. ಜಾಸ್ತಿ ಹಾಕಿದರೆ ಉಣ್ಣೆ ಪುಡಿಪುಡಿಯಾಗುತ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ಮೇಲೆ ಇಡಿ, ಹೊಟ್ಟೆಗೆ ಹೋದರೆ ಅಪಾಯ.

ಅರಿಶಿನ, ಬೀಟ್‌ರೂಟ್ ಬೇಡ

ಇವೆರಡನ್ನು ಕೇಳದವರೇ ಇಲ್ಲ. ಅರಿಶಿನ ಮೊದಲ ದಿನ ಕಣ್ಣು ಕುಕ್ಕುತ್ತದೆ, ಕೆಲವೇ ವಾರ ಬಿಸಿಲು ಕಂಡರೆ ಪೇಲವ. ಅದಕ್ಕಿಂತ ದೊಡ್ಡ ತೊಂದರೆ ನಿಮಗೆ ಗೊತ್ತಿರುವುದೇ. ಆರತಿ ನೀರಿಗೆ ಅರಿಶಿನ ಕದಡಿ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ವಾ? ಅರಿಶಿನದ ಸ್ವೆಟರ್ ಮೇಲೆ ಬಟ್ಟೆ ಸೋಪು ಬಿದ್ದರೂ ಅದೇ ಆಗುತ್ತದೆ. ನಾನು ಅಕ್ಕನ ಮೊಮ್ಮಗಳಿಗೆ ಹೆಣೆದ ಕುಲಾವಿ ಒಂದೇ ಒಗೆತಕ್ಕೆ ಕೆಂಪು ಮಚ್ಚೆ ಎದ್ದು ವಾಪಸ್ ಬಂತು.

ಬೀಟ್‌ರೂಟ್ ಇನ್ನೂ ಮೋಸ. ಪಾತ್ರೆಯಲ್ಲಿ ರಾಣಿ ಬಣ್ಣ, ಜಾಲಿಸಿದ ಮೇಲೆ ಮಾಸಿದ ಗೋಣಿಚೀಲದ ಬಣ್ಣ.

ನೀಲಿ, ಗುಲಾಬಿ ಹೇಗೆ?

ಗಿಡದಿಂದ ನೀಲಿ ತೆಗೆಯುವುದು ನೀಲಿಸೊಪ್ಪಿನ ಕೆಲಸ, ಅದನ್ನು ಹುದುಗು ಬರಿಸಿ ಮಾಡಬೇಕು. ಹೊಸಬರಿಗೆ ಅಡುಗೆಯ ಫುಡ್ ಕಲರ್ ಸಾಕು. ಇದು ಉಣ್ಣೆ, ರೇಷ್ಮೆಗೆ ಮಾತ್ರ ಹತ್ತುತ್ತದೆ. ಪಟಿಕ ಬೇಡ, ಹುಳಿ ಬೇಕು. ತೊಳೆದು ನೆನೆಸಿದ ನೂಲಿಗೆ ನಾಲ್ಕು ಲೀಟರ್ ನೀರು, ಒಂದು ಟೀ ಚಮಚ ಸಿಟ್ರಿಕ್ ಆಸಿಡ್, ಅಂದರೆ ಅಂಗಡಿಯ ನಿಂಬೆ ಉಪ್ಪು, ಕಾಲು ಚಮಚ ಬಣ್ಣದ ಪುಡಿ. ಪುಡಿ ಪೂರ್ತಿ ಕರಗಿದ ಮೇಲೆ ನೂಲು ಇಳಿಸಿ ಮೆಲ್ಲಗೆ ಬಿಸಿ ಮಾಡಿ. ಅರ್ಧ ಗಂಟೆಯಲ್ಲಿ ಒಂದು ತಮಾಷೆ ನೋಡುತ್ತೀರಿ. ಬಣ್ಣವೆಲ್ಲ ನೂಲಿಗೆ ಹೋಗಿ ನೀರು ಹೆಚ್ಚುಕಡಿಮೆ ತಿಳಿಯಾಗುತ್ತದೆ. ಆಗದಿದ್ದರೆ ಇನ್ನರ್ಧ ಚಮಚ ನಿಂಬೆ ಉಪ್ಪು ಹಾಕಿ, ನೂಲನ್ನು ಪಕ್ಕಕ್ಕೆ ಸರಿಸಿ ಹಾಕಿ, ಮೇಲೆ ಸುರಿಯಬೇಡಿ. ಕೆಂಪು ನೀಲಿ ಬೆರೆಸಿ ನೇರಳೆ ಮಾಡಲು ಹೋದರೆ ಎರಡೂ ಬೇರೆ ಬೇರೆ ವೇಗದಲ್ಲಿ ಹತ್ತಿ ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ನೀಲಿ ಕಾಣುತ್ತದೆ. ನನಗೆ ಅದು ಚೆಂದವೇ, ಆದರೆ ನೇರಳೆ ಅಂತ ಕಾಯುತ್ತಿದ್ದವರಿಗೆ ಬೇಜಾರು.

ಸ್ವೆಟರ್‌ಗೆ ಹಾಕುವ ಮುಂಚೆ

ದೊಡ್ಡವರ ಟೋಪಿಗೆ 100 ಗ್ರಾಂ ಧಾರಾಳ. ಸ್ವೆಟರ್‌ಗೆ ಅಳತೆ ನೋಡಿಕೊಂಡು 400ರಿಂದ 600 ಗ್ರಾಂ ಬೇಕು. ಅಷ್ಟನ್ನೂ ಒಂದೇ ಸಲ, ಒಂದೇ ಕಷಾಯದಲ್ಲಿ ಅದ್ದಿ. ಪಾತ್ರೆಯೂ ಅಷ್ಟು ದೊಡ್ಡದಿರಬೇಕು, ಮದುವೆ ಮನೆಯ ತಪ್ಪಲೆ ಲೆಕ್ಕಕ್ಕೆ. "ಈಗ ಅರ್ಧ ಮಾಡುತ್ತೇನೆ, ತೋಳಿಗೆ ಆಮೇಲೆ ನೋಡೋಣ" ಅಂದರೆ ತೋಳಿನ ಬಣ್ಣ ಮೈಗೆ ಕೂಡುವುದಿಲ್ಲ. ಮಂಡಿಯ ಸಿಪ್ಪೆ ವಾರಕ್ಕೊಂದು ಥರ. ಎರಡು ಲಡಿಗಳ ನಡುವೆ ಸ್ವಲ್ಪ ವ್ಯತ್ಯಾಸ ಬಂದೇ ಬಿಟ್ಟಿದ್ದರೆ ಎರಡೂ ಉಂಡೆ ಪಕ್ಕದಲ್ಲಿಟ್ಟುಕೊಂಡು ಎರಡು ಸಾಲಿಗೊಮ್ಮೆ ಬದಲಿಸುತ್ತಾ ಹೆಣೆಯಿರಿ, ಕಣ್ಣಿಗೆ ಗೊತ್ತಾಗುವುದಿಲ್ಲ.

ಬಣ್ಣ ನಿಲ್ಲುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಒಂದು ರಟ್ಟಿಗೆ ನೂಲು ಸುತ್ತಿ, ಅರ್ಧಕ್ಕೆ ಕಾಗದ ಮುಚ್ಚಿ ಕಟ್ಟಿ, ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ವಾರ ಇಡಿ. ಮುಚ್ಚಿದ ಅರ್ಧಕ್ಕೂ ತೆರೆದ ಅರ್ಧಕ್ಕೂ ಎಷ್ಟು ವ್ಯತ್ಯಾಸ ಬಂತು ಅಂತ ಕಣ್ಣೇ ಹೇಳುತ್ತದೆ. ಇನ್ನೊಂದು ತುಂಡನ್ನು ಬಿಳಿ ಬಟ್ಟೆಯ ಜೊತೆ ಶಾಂಪೂ ನೀರಲ್ಲಿ ನೆನೆಸಿ, ಬಟ್ಟೆಗೆ ಬಣ್ಣ ಹತ್ತಿದರೆ ಆ ನೂಲನ್ನು ಬಿಳಿ ನೂಲಿನ ಜೊತೆ ಸೇರಿಸಿ ಹೆಣೆಯಬೇಡಿ. ನಾನು ಪ್ರತಿ ಲಡಿಯಿಂದ ಒಂದು ಗೇಣು ನೂಲು ಕತ್ತರಿಸಿ ನೋಟ್‌ಬುಕ್‌ಗೆ ಅಂಟಿಸಿ, ಪಕ್ಕದಲ್ಲಿ ತೂಕ, ಯಾವ ನೀರು, ಎಷ್ಟು ಹೊತ್ತು ಅಂತ ಬರೆದಿಡುತ್ತೇನೆ.

ಉಳಿದ ಕಷಾಯ

ಚೆಲ್ಲಬೇಡಿ. ಅದೇ ಕಷಾಯಕ್ಕೆ ಪಟಿಕ ಹಿಡಿಸಿದ ಇನ್ನೊಂದು ಲಡಿ ಇಳಿಸಿದರೆ ಬೆಣ್ಣೆಯ ಹಳದಿ ಬರುತ್ತದೆ, ಮೊದಲಿನ ಬಂಗಾರದ ಪಕ್ಕಕ್ಕೆ ಹೇಳಿ ಮಾಡಿಸಿದ ಜೋಡಿ. ನಾನು ಟೋಪಿಯ ಮೈಗೆ ಮೊದಲನೆಯದು, ಅಂಚಿನ ಪಟ್ಟಿಗೆ ಎರಡನೆಯದು ಹಾಕುತ್ತೇನೆ. ಪಟಿಕದ ನೀರನ್ನೂ ಇನ್ನೊಮ್ಮೆ ಬಳಸಬಹುದು, ಅರ್ಧ ಅಳತೆಯ ಪಟಿಕ ಸೇರಿಸಿಕೊಂಡರೆ ಆಯಿತು. ಎರಡೂ ಮುಗಿದ ಮೇಲೆ ಒಂದೆರಡು ಬಕೆಟ್ ನೀರು ಬೆರೆಸಿ ಅಂಗಳದ ಮೂಲೆಗೆ ಸುರಿಯಿರಿ, ತುಳಸಿ ಕಟ್ಟೆಗೆ, ಕುಂಡದ ಗಿಡಗಳಿಗೆ ಬೇಡ. ಬೆಂದ ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗಲಿ.